ಕಾಗವಾಡದ ಸೂರ್ಯಾಸ್ತ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ನಮ್ಮ ಅತ್ತೆ ನಾನು ಮನೆ ತುಂಬಿದ ಮೊದಲ ವಾರವೇ ಕಂಡುಹಿಡಿದಿದ್ದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕಂಪ್ಯೂಟರು ತುಸು ತಡೆದರೆ ಕಂಪ್ಯೂಟರಿಗೆ ಬೈಯುತ್ತಿದ್ದೆ, ಕರೆಂಟು ಹೋದರೆ ಎದುರಿನ ಕಂಬಕ್ಕೆ ಬೈಯುತ್ತಿದ್ದೆ. ಅದರಿಂದ ಯಾರಿಗೂ ನಷ್ಟವಿರಲಿಲ್ಲ. ಆದರೆ ಒಂದು ಮಳೆಗಾಲದಿಂದ ದೀಪಾವಳಿಯವರೆಗೆ ಆ ಸಿಟ್ಟನ್ನು ಬೈಯಬಾರದವರ ಮೇಲೆ ತೀರಿಸಿಕೊಂಡೆ. 

ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಪಾತ್ರೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನನ್ನ ಕಂಪ್ಯೂಟರ್ ಕ್ಲಾಸ್ ಇತ್ತು. ಬೆಳಿಗ್ಗೆ ಕಾಲೇಜಿನ ಹುಡುಗಿಯರಿಗೆ ಟೈಪಿಂಗ್, ಮಧ್ಯಾಹ್ನ ಲಗ್ನಪತ್ರಿಕೆ. ಇವೆರಡರ ನಡುವೆ ದಪ್ಪ ಪುಸ್ತಕವೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ವೆಬ್‌ಸೈಟ್ ಮಾಡುವುದನ್ನು ಕಲಿತೆ. ಕಲಿತದ್ದೇ ತಡ, ತಲೆಯಲ್ಲಿ ಹುಳ ಹೊಕ್ಕಿತು: ನಮ್ಮ ಕಡೆಯ ಮಾಲು ನೇರವಾಗಿ ಪುಣೆ, ಮುಂಬೈಗಳ ಗಿರಾಕಿಗೆ ಹೋಗಬೇಕು, ನಡುವೆ ಯಾರೂ ಬೇಡ. ಮೂರು ಕಡೆ ಒಪ್ಪಿಸಿದೆ. ಕಾಗವಾಡದ ಒಣದ್ರಾಕ್ಷಿ ವ್ಯಾಪಾರಿ, ನಿಪ್ಪಾಣಿಯ ಸೀರೆ ಅಂಗಡಿಯವರು, ಅಥಣಿಯಲ್ಲಿ ಚಪ್ಪಲಿ ಮಾಡುವ ಗಂಡ ಹೆಂಡತಿ. ನಿಪ್ಪಾಣಿಯವರಿಗೆ ಅಂಗಡಿಯ ಕೈಚೀಲದ ಮೇಲೆ ಇಂಟರ್‌ನೆಟ್ ವಿಳಾಸ ಅಚ್ಚಾದರೆ ಸಾಕಾಗಿತ್ತು. ಅದನ್ನು ಅವರು ಒಮ್ಮೆಯಾದರೂ ತೆರೆದು ನೋಡಿದ್ದರೋ ಇಲ್ಲವೋ ಗೊತ್ತಿಲ್ಲ. ಅವರ ಮಾತು ಇಲ್ಲಿಗೇ ಬಿಡುತ್ತೇನೆ.

ಮೂರು ಅಂಗಡಿಗೆ ಮೂರು ಸಲ ಎಲ್ಲವನ್ನೂ ಬರೆಯುವ ತಾಳ್ಮೆ ನನ್ನಲ್ಲೆಲ್ಲಿ? ಒಂದೇ ಫ್ರೇಮ್‌ವರ್ಕ್ ಹಾಕಿ ಮೂರನ್ನೂ ಅದರ ಮೇಲೆ ನಿಲ್ಲಿಸಿದೆ. ಗೊತ್ತಿಲ್ಲದವರಿಗೆ ಹೀಗೆ ಹೇಳುತ್ತಿದ್ದೆ: ಬೀದಿಗೆ ಮೂರು ಬಾಗಿಲು, ಮೂರಕ್ಕೂ ಬೇರೆ ಬಣ್ಣ, ಬೇರೆ ಬೋರ್ಡು; ಒಳಗೆ ಹೋದರೆ ಕೋಣೆ ಒಂದೇ. ಬಾಗಿಲು, ಬಣ್ಣ, ಬೋರ್ಡು ಅಂದರೆ ಟೆಂಪ್ಲೇಟು. ಅದು ಆಯಾ ಅಂಗಡಿಯದು. ಬೆಲೆ ತೋರಿಸುವುದು, ‘ಖರೀದಿಸಿ’ ಎಂಬ ಗುಂಡಿ ಇಡುವುದು, ಆರ್ಡರು ತೆಗೆದುಕೊಳ್ಳುವುದು, ಇದೆಲ್ಲ ಒಳಗಿನ ಕೋಣೆಯ ಕೆಲಸ. ಅದು ಮೂವರಿಗೂ ಸೇರಿದ್ದು. ಅಲ್ಲಿ ಒಂದು ಕಡೆ ತಿದ್ದಿದರೆ ಮೂರೂ ಅಂಗಡಿ ತಿದ್ದಿದಂತೆ. ಇಷ್ಟು ಜಾಣ ಕೆಲಸ ಇಡೀ ತಾಲೂಕಿನಲ್ಲಿ ಯಾರೂ ಮಾಡಿಲ್ಲವೆಂದು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಅಥಣಿಯ ಆ ಹೆಂಗಸನ್ನು ನಾನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ವಯಸ್ಸಿನಲ್ಲಿ ನನ್ನ ತಾಯಿಯಷ್ಟಿದ್ದರೂ ಅವರು ನನ್ನನ್ನು ಅಕ್ಕಾರ ಎನ್ನುತ್ತಿದ್ದರು. ಎಷ್ಟು ಹೇಳಿದರೂ ಬಿಡಲಿಲ್ಲ. ಗಂಡ ಅಟ್ಟೆ ಕತ್ತರಿಸಿ ಹೊಲಿಯುವುದು, ಹೆಂಡತಿ ಚರ್ಮದ ಸಣ್ಣ ಎಳೆಗಳನ್ನು ಜಡೆಯಂತೆ ಹೆಣೆಯುವುದು. ಅವರು ಮಾಡುತ್ತಿದ್ದದ್ದು ಕಿವಿ ಚಪ್ಪಲಿ, ಅಂದರೆ ಎರಡೂ ಬದಿಗೆ ಪುಟ್ಟ ಕಿವಿಯ ಹಾಗೆ ಚರ್ಮ ಬಿಟ್ಟಿರುವ ಹಳೆಯ ನಮೂನೆ. ಹಿತ್ತಲಲ್ಲಿ ಚರ್ಮ ಹದ ಮಾಡುವ ತೊಟ್ಟಿ ಇತ್ತು. ಜಾಲಿ ತೊಗಟೆ, ಅಳಲೆಕಾಯಿ ಹಾಕಿದ ನೀರಿನಲ್ಲಿ ಚರ್ಮ ವಾರಗಟ್ಟಲೆ ನೆನೆಯುತ್ತಿತ್ತು. ಮೊದಲ ಸಲ ಹೋದಾಗ ಆ ವಾಸನೆಗೆ ನಾನು ಮೂಗಿಗೆ ಸೆರಗು ಹಿಡಿದಿದ್ದೆ. ಮಾವಶಿ ಅದನ್ನು ನೋಡಿ ನಕ್ಕರೇ ಹೊರತು ಬೇಸರ ಮಾಡಿಕೊಳ್ಳಲಿಲ್ಲ.

ಆ ಓಣಿಯಲ್ಲಿ ಉಳಿದವರೆಲ್ಲ ತೊಟ್ಟಿ ಮುಚ್ಚಿಬಿಟ್ಟಿದ್ದರು. ಮಾಲು ಒಯ್ಯುವ ಗುತ್ತಿಗೆದಾರನಿಗೆ ಕಿವಿ ಚಪ್ಪಲಿ ಬೇಕಿರಲಿಲ್ಲ. ಅದಕ್ಕೆ ಬಹಳ ದಿನ ಹಿಡಿಯುತ್ತದೆ. ರೆಕ್ಸಿನ್ ಪಟ್ಟಿ ಅಂಟಿಸಿದ ಅಗ್ಗದ ಮಾಲು ಬೇಕು, ಸಾಮಾನೆಲ್ಲ ನಾನೇ ಕೊಡುತ್ತೇನೆ, ವರ್ಷಗಟ್ಟಲೆ ಕೆಲಸ ಖಾಯಂ ಎನ್ನುತ್ತಿದ್ದ. ಮಾವಶಿಯ ಗಂಡ ನನ್ನೆದುರಿಗೇ ಮುಲಾಜಿಲ್ಲದೆ ಹೇಳಿದ್ದರು: ಕಂಪ್ಯೂಟರಿನ ಗಿರಾಕಿ ದೀಪಾವಳಿ ತನಕ ನಿಂತರೆ ಸರಿ, ಇಲ್ಲವಾದರೆ ತೊಟ್ಟಿ ಮುಚ್ಚಿ ರೆಕ್ಸಿನ್‌ಗೆ ಕೂಡುವುದು. ಮಾವಶಿ ಹೂಂ ಎಂದಿದ್ದರು. ಕಿವಿ ಚಪ್ಪಲಿಯ ಜಡೆ ಹೆಣೆಯುವುದನ್ನು ಅವರಿಗೆ ಕಲಿಸಿದ್ದು ಅವರ ಅತ್ತೆ. ಓಣಿಯಲ್ಲಿ ಅದು ಬರುತ್ತಿದ್ದವರು ಇನ್ನು ಅವರೊಬ್ಬರೇ.

ಬೇಸಿಗೆಯಲ್ಲಿ ಅಂಗಡಿ ತೆರೆದದ್ದು. ಪರವಾಗಿಲ್ಲ, ಆರ್ಡರು ಬಂದವು. ಪುಣೆಯಿಂದ, ಠಾಣೆಯಿಂದ, ಒಮ್ಮೆ ದೂರದ ನಾಗಪುರದಿಂದ. ಬೆಳಿಗ್ಗೆ ಕ್ಲಾಸಿಗೆ ಬಂದು ತೆರೆದರೆ ರಾತ್ರಿಯ ಆರ್ಡರುಗಳು ಕಾದು ಕೂತಿರುತ್ತಿದ್ದವು. ನಾನು ಅಥಣಿಗೆ ಫೋನು ಮಾಡಿ ಅಳತೆ ಹೇಳುತ್ತಿದ್ದೆ, ಮಾವಶಿ ಊರಿನ ಹೆಸರು ಇನ್ನೊಮ್ಮೆ ಹೇಳಿಸುತ್ತಿದ್ದರು. ಆ ಊರು ಎಷ್ಟು ದೂರ, ಅಲ್ಲಿಯವರಿಗೆ ನಮ್ಮ ಚಪ್ಪಲಿ ಹೆಂಗೆ ಗೊತ್ತಾಯಿತು ಎಂದು ಕೇಳುತ್ತಿದ್ದರು. ತೊಟ್ಟಿಯಲ್ಲಿ ಹೊಸ ಚರ್ಮ ಬಿಟ್ಟಿದ್ದೇವೆ ಎಂದು ಒಮ್ಮೆ ತಾವಾಗಿಯೇ ಫೋನು ಮಾಡಿ ತಿಳಿಸಿದರು.

ಆಷಾಢದಲ್ಲಿ ಕಾಗವಾಡದ ಕಾಕಾ ನಮ್ಮ ಮಾಳಿಗೆ ಹತ್ತಿ ಬಂದರು. ಒಣದ್ರಾಕ್ಷಿ ವ್ಯಾಪಾರಿಯನ್ನು ನಾನು ಕಾಕಾ ಎನ್ನುತ್ತಿದ್ದೆ. ಜೈನರ ಮನೆತನ, ತಲೆಮಾರುಗಳಿಂದ ವ್ಯಾಪಾರ, ಏರುದನಿಯಲ್ಲಿ ಮಾತಾಡಿದವರಲ್ಲ. ಕಾಲಿಗೆ ರಬ್ಬರಿನ ಚಪ್ಪಲಿಯೇ. ಚರ್ಮ ಬಿಟ್ಟು ಎಷ್ಟೋ ವರ್ಷವಾಗಿತ್ತು. ನೀರು ಕುಡಿದು, ಮೆಟ್ಟಿಲು ಹತ್ತಿದ ದಣಿವು ಆರಿದ ಮೇಲೆ ವಿಷಯಕ್ಕೆ ಬಂದರು. ಊರಿಗೆ ಬಂದ ಮುನಿಗಳ ಮುಂದೆ ಈ ಚಾತುರ್ಮಾಸಕ್ಕೆ ಒಂದು ನಿಯಮ ಹಿಡಿದಿದ್ದಾರೆ: ಹೊತ್ತು ಮುಳುಗಿದ ಮೇಲೆ ವ್ಯಾಪಾರ ಮಾಡುವುದಿಲ್ಲ.

ಅದಕ್ಕೇನಂತೆ, ಅಂಗಡಿ ಬಾಗಿಲು ಹಾಕಿದರಾಯಿತಲ್ಲ ಎಂದೆ.

‘ಅಂಗಡಿ ಬಾಗಲಾ ನಾ ಹಾಕತೇನಿ ತಂಗೀ. ಈ ನಿನ್ನ ಕಂಪ್ಯೂಟರ್‌ನಾಗಿಂದು ಯಾರ ಹಾಕಬೇಕು? ನಾ ಮಲಗಿದಾಗ ಅದು ಮಾರಾಕತ್ತಿದ್ರ, ನನ್ನ ನಿಯಮ ಎಲ್ಲಿ ಉಳೀತು?’

ಮಾರುವುದು ಯಂತ್ರ, ನೀವಲ್ಲ ಎಂದು ವಾದ ಹೂಡಿದೆ. ಅಂಗಡಿ ಯಾರ ಹೆಸರಿನಲ್ಲಿದೆ ಎಂದು ಮೆತ್ತಗೆ ಕೇಳಿದರು. ಅವರದೇ ಹೆಸರಿನಲ್ಲಿತ್ತು. ಒಳಗೊಳಗೇ ನನಗೆ ಅವರ ಹಟ ಹಿಡಿಸಿಯೂ ಇತ್ತು. ಸಂಜೆಯಾದೊಡನೆ ಮುಚ್ಚುವ ಇಂಟರ್‌ನೆಟ್ ಅಂಗಡಿ! ಮಾಡಿ ತೋರಿಸುತ್ತೇನೆ ಎಂದೆ.

ಗೋಡೆಯ ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲೆ ಹಾಸಿಕೊಂಡೆ. ನಾಲ್ಕು ತಿಂಗಳ ಸೂರ್ಯಾಸ್ತ, ಸೂರ್ಯೋದಯಗಳ ಹೊತ್ತನ್ನು ಒಂದೊಂದು ದಿನದ್ದಾಗಿ ನನ್ನ ಕೈಯಾರೆ ಟೈಪ್ ಮಾಡಿದೆ. ಹೊತ್ತು ಮುಳುಗಿತೆಂದರೆ ಗುಂಡಿ ಮಾಯವಾಗಬೇಕು, ಬೆಳಗಾದರೆ ಮತ್ತೆ ಬರಬೇಕು. ಗುಂಡಿ ಇದ್ದದ್ದು ಒಳಗಿನ ಕೋಣೆಯಲ್ಲಿ, ಹಾಗಾಗಿ ಈ ಕಟ್ಟಳೆಯನ್ನೂ ಅಲ್ಲಿಯೇ ಬರೆದೆ. ಗುಂಡಿಯ ಜಾಗದಲ್ಲಿ ‘ಸೂರ್ಯಾಸ್ತವಾಗಿದೆ, ಅಂಗಡಿ ಬೆಳಿಗ್ಗೆ ತೆರೆಯುತ್ತದೆ’ ಎಂಬ ಬೋರ್ಡನ್ನು ಒಣದ್ರಾಕ್ಷಿಯ ಟೆಂಪ್ಲೇಟಿನಲ್ಲಿ ಹಾಕಿ, ಸುತ್ತ ಕೇಸರಿ ಅಂಚು ಬಿಟ್ಟೆ. ಇನ್ನು ಉಳಿದದ್ದು ಒಂದು ಸಾಲು: ಈ ಕಟ್ಟಳೆ ಒಣದ್ರಾಕ್ಷಿ ಅಂಗಡಿಗೆ ಮಾತ್ರ ಎಂದು ಹೇಳುವ ಸಾಲು. ಮೊದಲು ನಡೆಯುತ್ತದೋ ಇಲ್ಲವೋ ನೋಡೋಣ ಎಂದು ಕಂಪ್ಯೂಟರಿನ ಗಡಿಯಾರವನ್ನು ಸಂಜೆಗೆ ತಿರುಗಿಸಿ ಒಣದ್ರಾಕ್ಷಿ ಅಂಗಡಿ ತೆರೆದೆ. ಗುಂಡಿ ಮಾಯ, ಬೋರ್ಡು ಹಾಜರ್. ಕುಣಿಯುವುದೊಂದು ಬಾಕಿ. ಅಲ್ಲೇ ಕೂತಿದ್ದ ಕಾಕಾನಿಗೆ ತೋರಿಸಿದೆ, ಅವರು ಕೈ ಮುಗಿದರು. ಅವರನ್ನು ಕೆಳಗಿನವರೆಗೆ ಕಳಿಸಿ ಬಂದೆ, ಯಾರೋ ಲಗ್ನಪತ್ರಿಕೆಗೆ ಬಂದು ಕೂತಿದ್ದರು. ಆ ಒಂದು ಸಾಲು ನಾನು ಬರೆಯಲೇ ಇಲ್ಲ.

ಇನ್ನೆರಡು ಬಾಗಿಲು ಆ ಹೊತ್ತಿನಲ್ಲಿ ಹೇಗೆ ಕಾಣುತ್ತವೆ ಎಂದು ನೋಡಿದ್ದರೆ ಮುಗಿದುಹೋಗುತ್ತಿತ್ತು. ನೋಡಲಿಲ್ಲ. ಆಮೇಲೂ ನೋಡುವಂತಿರಲಿಲ್ಲ. ಐದೂವರೆಗೆ ಕ್ಲಾಸಿಗೆ ಬೀಗ ಹಾಕಿ ದೀಪ ಹಚ್ಚುವುದರೊಳಗೆ ಮನೆ ಸೇರಬೇಕು, ಅದು ನಮ್ಮ ಅತ್ತೆಯ ನಿಯಮ. ಮನೆಯಲ್ಲಿ ಇಂಟರ್‌ನೆಟ್ ಇರಲಿಲ್ಲ, ಕೈಯಲ್ಲಿದ್ದದ್ದು ಗುಂಡಿ ಒತ್ತುವ ಸಾದಾ ಫೋನು. ನಾನು ನಡೆಸುತ್ತಿದ್ದ ಮೂರು ಅಂಗಡಿಗಳನ್ನು ನಾನು ಹೊತ್ತು ಮುಳುಗಿದ ಮೇಲೆ ಒಂದು ದಿನವೂ ಕಂಡವಳಲ್ಲ.

ಶ್ರಾವಣ ಬಂತು, ಚಪ್ಪಲಿ ಆರ್ಡರು ಬರಲಿಲ್ಲ. ಅಂದರೆ ಪೂರಾ ನಿಲ್ಲಲಿಲ್ಲ, ಹಗಲಿನಲ್ಲಿ ಎಲ್ಲೋ ಒಂದೆರಡು ಬರುತ್ತಿದ್ದವು. ಪೂರಾ ನಿಂತಿದ್ದರೆ ಏನೋ ಕೆಟ್ಟಿದೆ ಎಂದು ಹುಡುಕುತ್ತಿದ್ದೆನೇನೋ. ಮಾವಶಿ ಮಧ್ಯಾಹ್ನದ ಹೊತ್ತಿಗೆ ಫೋನು ಮಾಡುವರು. ಅವರದು ದಿನಾಲೂ ಒಂದೇ ಮಾತು.

‘ಅಕ್ಕಾರ, ಇವತ್ತರ ಯಾರರ ಬಂದಿದ್ರೇನ್ರಿ?’

ನಾನು ಅಂಗಡಿ ತೆರೆದು ನೋಡುವೆ. ಫೋಟೊ ಇದೆ, ಬೆಲೆ ಇದೆ, ಗುಂಡಿಯೂ ಇದೆ. ನಡು ಮಧ್ಯಾಹ್ನ ಅದು ಎಲ್ಲಿಗೆ ಹೋಗಬೇಕು? ಎಲ್ಲಾ ಬರೋಬರಿ ಇದೆ ಮಾವಶಿ, ಜನ ಬರುತ್ತಿಲ್ಲ ಅಷ್ಟೆ ಎನ್ನುವೆ. ಹಿನ್ನೆಲೆಯ ಬಣ್ಣ ಬದಲಿಸಿದೆ. ಫೋಟೊ ದೊಡ್ಡದು ಮಾಡಿದೆ, ಆಮೇಲೆ ಸಣ್ಣದು ಮಾಡಿದೆ. ಗಣಪತಿ ಹಬ್ಬ ಮುಂದಿದೆ, ಹಬ್ಬಕ್ಕೆ ಕೊಳ್ಳದವರು ಇನ್ನು ಯಾವಾಗ ಕೊಳ್ಳುತ್ತಾರೆ? ನನ್ನ ತಲೆ ಮೊಸರು ಗಡಿಗೆಯಾಯಿತು. ಅತ್ತ ಕಾಕಾನ ಒಣದ್ರಾಕ್ಷಿ ಮಾತ್ರ ಸಲೀಸಾಗಿ ಹೋಗುತ್ತಿತ್ತು. ಸಂಜೆ ಬಂದವರು ಬೋರ್ಡು ಓದಿ ಬೆಳಿಗ್ಗೆ ಬಂದು ಕೊಳ್ಳುತ್ತಿದ್ದರು. ನಿಮ್ಮ ನಿಯಮ ನೋಡಿ ಸಂತೋಷವಾಯಿತು ಎಂದು ಸೊಲ್ಲಾಪುರದ ಒಬ್ಬರು ಆರ್ಡರಿನ ಜೊತೆ ಬರೆದಿದ್ದರು. ಅದೇ ಫ್ರೇಮ್‌ವರ್ಕ್, ಅದೇ ನಾನು, ಒಂದು ನಡೆಯುತ್ತದೆ, ಇನ್ನೊಂದು ನಡೆಯುವುದಿಲ್ಲ. ಹಾಗಾದರೆ ದೋಷ ಮಾಲಿನಲ್ಲೇ ಇರಬೇಕು ಎಂದು ತೀರ್ಮಾನಿಸಿಬಿಟ್ಟೆ.

ಒಂದು ದಿನ ಮಾವಶಿ ಅದೇ ಮಾತು ಕೇಳಿದಾಗ ಬಾಯಿಗೆ ಬಂದದ್ದು ಅಂದುಬಿಟ್ಟೆ. ಈ ಕಿವಿ, ಈ ಜಡೆ, ಇದನ್ನೆಲ್ಲ ಈಗ ಯಾರು ಮೆಟ್ಟುತ್ತಾರೆ, ಮುದುಕರೂ ಮೆಟ್ಟುವುದಿಲ್ಲ. ಸಾದಾ ಪಟ್ಟಿ ಮಾಡಿ, ಮೇಲೆ ನಾಲ್ಕು ಮಣಿ ಹಚ್ಚಿ ಎಂದೆ.  ಅವರು, ‘ಆತ್ರಿ ಅಕ್ಕಾರ, ನಿಮಗ ಗೊತ್ತಿರತೈತಿ’ ಎಂದು ಫೋನು ಇಟ್ಟರು. ಮರುವಾರ ಬಸ್ಸಿನವರ ಕೈಯಲ್ಲಿ ಒಂದು ಪೊಟ್ಟಣ ಬಂತು. ಒಳಗೆ ಗುಲಾಬಿ ಮಣಿ ಹಚ್ಚಿದ ಸಾದಾ ಪಟ್ಟಿಯ ಒಂದು ಜೋಡಿ. ನೋಡಲು ಎಷ್ಟು ಕೆಟ್ಟದಾಗಿತ್ತೆಂದರೆ ನನಗೆ ಅಳು ಬಂತು. ಆದರೂ ಫೋಟೊ ತೆಗೆದು ಅಂಗಡಿಯಲ್ಲಿ ಏರಿಸಿದೆ. ಅದೂ ಹೋಗಲಿಲ್ಲ.

ದಸರೆ ದಾಟಿದ ಮೇಲೆ ಮಾವಶಿಯ ಫೋನು ಕಡಿಮೆಯಾಯಿತು. ನನಗೆ ಹಾಯೆನಿಸಿತು, ಸುಳ್ಳೇಕೆ ಹೇಳಲಿ. ದೀಪಾವಳಿಯ ಪಾಡ್ಯದ ಮರುದಿನ ಒಮ್ಮೆ ಮಾಡಿದರು. ಗುತ್ತಿಗೆದಾರನಿಗೆ ಮಾತು ಕೊಟ್ಟಾಯಿತಂತೆ.  ನಮ್ಮ ಸಲುವಾಗಿ ನೀವು ಭಾಳ ದಣಿದಿರಿ, ನಿಮ್ಮ ಶ್ರಮ ನೀರಾಗ ಹೋತು, ತಪ್ಪು ತಿಳ್ಕೋಬ್ಯಾಡ್ರಿ ಎಂದು ಅವರೇ ನನ್ನ ಕ್ಷಮೆ ಕೇಳಿದರು. ಇರಲಿ ಬಿಡಿ ಮಾವಶಿ ಎಂದು ದೊಡ್ಡಸ್ತಿಕೆಯಿಂದ ಅಂದೆ.

ಅದಾಗಿ ಕೆಲವು ದಿನಕ್ಕೆ ಕಾಕಾ ಫೋನು ಮಾಡಿದರು. ಚಾತುರ್ಮಾಸ ಮುಗಿಯಿತು, ನಿಯಮ ಪೂರ್ಣವಾಯಿತು, ಇನ್ನು ಬೋರ್ಡು ತೆಗೆಯಬಹುದು. ಬೆಳಿಗ್ಗೆ ಹತ್ತರ ಹೊತ್ತು, ಹುಡುಗಿಯರು ಟೈಪಿಂಗ್ ಮಾಡುತ್ತಿದ್ದರು. ಆ ಕಟ್ಟಳೆಯನ್ನು ಅಳಿಸೋಣವೆಂದು ಒಣದ್ರಾಕ್ಷಿಯ ಫೋಲ್ಡರ್ ತೆರೆದೆ. ಬೋರ್ಡು ಇತ್ತು, ಕಟ್ಟಳೆ ಇರಲಿಲ್ಲ. ಎಲ್ಲಿ ಬರೆದಿದ್ದೆ ಎಂದು ಹುಡುಕುತ್ತ ಹೋದೆ. ಒಳಗಿನ ಕೋಣೆಯಲ್ಲಿ, ಮೂವರಿಗೂ ಸೇರಿದ ಫೈಲಿನಲ್ಲಿ, ಕ್ಯಾಲೆಂಡರ್ ನೋಡಿ ನಾನು ಕೂಡಿಸಿದ ಆ ದಿನಗಳೆಲ್ಲ ಸಾಲಾಗಿ ನಿಂತಿದ್ದವು. ಅದರ ಮೇಲೆ ಯಾವ ಅಂಗಡಿಯ ಹೆಸರೂ ಇರಲಿಲ್ಲ.

 ಗಡಿಯಾರವನ್ನು ಸಂಜೆಗೆ ತಿರುಗಿಸಿ ಚಪ್ಪಲಿ ಅಂಗಡಿ ತೆರೆದೆ. ಕಿವಿ ಚಪ್ಪಲಿಯ ಫೋಟೊ, ಬೆಲೆ, ಅದರ ಕೆಳಗೆ ಖಾಲಿ ಜಾಗ. ಬೋರ್ಡು ಒಣದ್ರಾಕ್ಷಿಯ ಟೆಂಪ್ಲೇಟಿನಲ್ಲಿ ಮಾತ್ರ ಇತ್ತಲ್ಲ, ಇಲ್ಲಿ ಬೆಳಿಗ್ಗೆ ಬನ್ನಿ ಎಂದು ಹೇಳುವವರೂ ಇರಲಿಲ್ಲ. ಸಂಪರ್ಕದ ಪುಟ ಮಾಡುತ್ತೇನೆ, ಮಾಡುತ್ತೇನೆ ಎಂದು ನಾನು ಮುಂದೂಡುತ್ತಲೇ ಬಂದಿದ್ದೆ, ಹಾಗಾಗಿ ಕೇಳುವುದಕ್ಕೂ ದಾರಿಯಿರಲಿಲ್ಲ. ಬಂದು ಹೋದವರ ದಾಖಲೆಯನ್ನು ಆವರೆಗೆ ಒಮ್ಮೆಯೂ ನೋಡಿರಲಿಲ್ಲ, ಅದನ್ನು ತೆರೆದೆ. ದುಡಿದು ಮನೆಗೆ ಬಂದು, ಉಂಡು, ನಿವಾಂತ ಕೂತು ಚಪ್ಪಲಿ ನೋಡುವವರು ಯಾವ ಹೊತ್ತಿಗೆ ಬರುತ್ತಾರೋ ಆ ಹೊತ್ತಿಗೇ ಬಂದಿದ್ದರು, ದಿನಾಲೂ. ಗಣಪತಿ ಹಬ್ಬದ ಮುಂದಿನ ವಾರವಂತೂ ಸಾಲು ಸಾಲು. ಒಬ್ಬರು ಯಾರೋ ಒಂದೇ ಜೋಡಿಯ ಪುಟಕ್ಕೆ ಸಂಜೆ ಸಂಜೆ ಮತ್ತೆ ಮತ್ತೆ ಬಂದಿದ್ದರು. ಅವರೆಲ್ಲರಿಗೂ ಕಾಗವಾಡದಲ್ಲಿ ಹೊತ್ತು ಮುಳುಗಿತ್ತು.

ಕಟ್ಟಳೆಯನ್ನು ಅಳಿಸಿ ಹುಡುಗಿಯರನ್ನು ಮನೆಗೆ ಕಳಿಸಿದೆ. ಬೈಯಲು ಯಾರಾದರೂ ಸಿಗುತ್ತಾರೇನೋ ಎಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಕಾಕಾನಿಗೆ ಫೋನು ಮಾಡಿ ಎಲ್ಲ ಹೇಳಿದೆ, ಅವರ ತಪ್ಪೇನಿಲ್ಲವೆಂದು ಗೊತ್ತಿದ್ದೂ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬಹಳ ನೊಂದರು. ಅಥಣಿಯವರ ಮಾಲನ್ನೆಲ್ಲ ನಾನೇ ಕೊಳ್ಳುತ್ತಿದ್ದೆ, ಆದರೆ ಚರ್ಮ ನಾನು ಮುಟ್ಟುವ ಹಾಗಿಲ್ಲವಲ್ಲ ತಂಗೀ ಎಂದರು. 

‘ನನ್ನ ನಿಯಮ ಇನ್ನೊಬ್ಬರ ಹೊಟ್ಟಿ ಮ್ಯಾಲ ಬೀಳಬಾರದಿತ್ತು. ನೀ ಹೋಗಿ ಅವರಿಗೆ ಹೇಳು. ಮುಚ್ಚಿ ಇಡಬ್ಯಾಡ.’

ಮರುದಿನ ಅಥಣಿ ಬಸ್ಸು ಹತ್ತಿದೆ. ಕೃಷ್ಣಾ ಹೊಳೆ ದಾಟುವವರೆಗೆ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಹೊಳೆ ದಾಟಿದ ಮೇಲೆ ಎಲ್ಲ ಮರೆತುಹೋಯಿತು. ಇನ್ನೂ ತೊಟ್ಟಿ ಮುಚ್ಚಿರಲಿಕ್ಕಿಲ್ಲ, ಇನ್ನು ರಾತ್ರಿಯೂ ಆರ್ಡರು ಬರುತ್ತವೆ, ಗುತ್ತಿಗೆದಾರನಿಗೆ ಹೇಗೋ ಒಂದು ಹೇಳಿದರಾಯಿತು ಎಂಬ ಆಸೆಯೊಂದು ಉಳಿದಿತ್ತು.

ಓಣಿಯಲ್ಲಿ ಆ ವಾಸನೆ ಇರಲಿಲ್ಲ. ಅದು ಇಲ್ಲದ್ದು ಮನೆ ಮುಟ್ಟುವ ಮೊದಲೇ ತಿಳಿಯಿತು. ತೊಟ್ಟಿಗೆ ಕಲ್ಲು ಮಣ್ಣು ತುಂಬಿ, ಮೇಲೆ ಸಿಮೆಂಟು ಎಳೆದಿದ್ದರು. ಮಾವಶಿಯ ಗಂಡ ಅದರ ಮೇಲೆಯೇ ತಟ್ಟು ಹಾಸಿಕೊಂಡು ಕೂತು ರೆಕ್ಸಿನ್ ಪಟ್ಟಿಗೆ ಅಂಟು ಹಚ್ಚುತ್ತಿದ್ದರು. ಸುತ್ತ ಗುತ್ತಿಗೆದಾರನ ಮೂಟೆಗಳು. ಹದ ಮಾಡಿದ್ದ ಚರ್ಮವನ್ನು ಸಿಕ್ಕವರಿಗೆ ಕೊಟ್ಟಾಗಿತ್ತು, ವರ್ಷದ ಕರಾರು ಆಗಿತ್ತು. ಮಾವಶಿ ಚಹಾಕ್ಕಿಟ್ಟರು. 

ಚಹಾ ಕುಡಿಯುವ ಮೊದಲೇ ಎಲ್ಲ ಹೇಳಿಬಿಟ್ಟೆ. ಜೋಡಿಸಿಕೊಂಡ ಮಾತು ಒಂದೂ ಬರಲಿಲ್ಲ, ಬಂದ ಹಾಗೆ ಹೇಳಿದೆ. ನಿಮ್ಮ ಕಿವಿಯಲ್ಲಿ, ಜಡೆಯಲ್ಲಿ ಏನೂ ದೋಷವಿರಲಿಲ್ಲ, ದೋಷ ನನ್ನದು. ನಾಲ್ಕು ತಿಂಗಳು ದಿನಾ ಸಂಜೆ ನಿಮ್ಮ ಅಂಗಡಿಯನ್ನು ನಾನೇ ಮುಚ್ಚಿಟ್ಟೆ. ಮೇಲಾಗಿ ನಿಮಗೇ ಬೈದೆ ಎಂದೆ. ಮಾವಶಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡರು. ಬೈದದ್ದರ ಬಗ್ಗೆ ಏನೂ ಅನ್ನಲಿಲ್ಲ. ಅವರಿಗೆ ತಿಳಿಯದೇ ಹೋದದ್ದು ಬೇರೆಯೇ.

‘ಆ ಸಾವಕಾರ್ರು ಹಿಡದ ನಿಯಮ ನಮ್ಮ ಅಂಗಡಿಗ್ಯಾಕ ಬಂತ್ರಿ?’

ಬಾಗಿಲು ಬೇರೆ ಬೇರೆ, ಒಳಗಿನ ಕೋಣೆ ಒಂದೇ ಎಂದು ಹಳೆಯ ಪಾಠವನ್ನೇ ಒಪ್ಪಿಸಿದೆ. ಅವರು ಚಹಾ ಸೋಸಿ ನನ್ನ ಮುಂದಿಟ್ಟರು.

‘ಅಂಥಾ ಮಂದಿ ನಮ್ಮ ಕಟ್ಟಿ ಹತ್ತಿದ್ದು ನಾ ಕಂಡಿಲ್ರಿ ಅಕ್ಕಾರ. ನಾಕ ತಿಂಗಳ ಅವರ ನಿಯಮ ಮಾತ್ರ ನಾವೂ ಪಾಳಿಸೇವಿ, ನಮಗ ಗೊತ್ತಿಲ್ದನ.’

ಸಿಟ್ಟಿನಿಂದ ಅಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ಬೆರಗಿನಿಂದ ಅಂದರು.  ಈಗ ಗುಂಡಿ ಬರುತ್ತದೆ, ಹೊತ್ತು ಮುಳುಗಿದ ಮೇಲೂ ಬರುತ್ತದೆ ಎಂದು ಹೇಳಿದೆ. ಸಿಮೆಂಟು ಎಳೆದ ತೊಟ್ಟಿ ನನ್ನ ಕಣ್ಣೆದುರಿಗೇ ಇತ್ತು. ಮಾವಶಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅವರಿಗೆ ಬೇರೇನೋ ಹೊಳೆದಿತ್ತು. ನನ್ನ ಹತ್ತಿರ ಸರಿದು ಕೂತರು.

‘ಅಲ್ರಿ, ಹಂಗಾರ ಹೊತ್ತು ಮುಳುಗಿದ ಮ್ಯಾಲ ಯಾರರ ಬಂದಿದ್ರೇನ್ರಿ?’

ಅದೇ ಮಾತು. ತಿಂಗಳುಗಟ್ಟಲೆ ಮಧ್ಯಾಹ್ನ ಮಧ್ಯಾಹ್ನ ಫೋನಿನಲ್ಲಿ ಕೇಳಿದ್ದು. ಆಗೆಲ್ಲ ಇಲ್ಲ ಎಂದಿದ್ದೆ.

‘ಬಂದಿದ್ರು ಮಾವಶಿ. ದಿನಾ ಬಂದಿದ್ರು. ಕಿವಿ ಚಪ್ಪಲಿ ಪುಟಕ್ಕನ ಬಂದು, ಭಾಳ ಹೊತ್ತು ನೋಡಿ ಹೋಗ್ಯಾರ.’

ಅವರ ಮುಖ ಅರಳಿತು. ಬೇಸಿಗೆಯಲ್ಲಿ ನಾಗಪುರದ ಹೆಸರು ಕೇಳಿದಾಗ ಫೋನಿನಲ್ಲಿ ಅವರ ದನಿ ಹೇಗೆ ಅರಳಿತ್ತೋ ಹಾಗೆಯೇ. ಅದನ್ನು ನೋಡಲು ನನ್ನಿಂದಾಗಲಿಲ್ಲ.

‘ಏನ್ರಿ, ಕೇಳಿದ್ರಿ?’ ಎಂದು ಗಂಡನ ಕಡೆ ತಿರುಗಿದರು. ‘ಮಂದಿ ಬಂದಿದ್ರಂತ. ಕಿವಿ ಚಪ್ಪಲಿ ನೋಡಾಕನ ಬಂದಿದ್ರಂತ.’

ಗಂಡ ಕೈ ನಿಲ್ಲಿಸಿ ಹೆಂಡತಿಯ ಮುಖ ನೋಡಿದರು. ಆಮೇಲೆ ತಾವು ಕೂತಿದ್ದ ಸಿಮೆಂಟನ್ನು ಒಮ್ಮೆ ಅಂಗೈಯಿಂದ ಸವರಿದರು. ರೆಕ್ಸಿನ್ ಪಟ್ಟಿ ಎತ್ತಿಕೊಂಡು ಮತ್ತೆ ಅಂಟು ಹಚ್ಚತೊಡಗಿದರು.